ಸಣ್ಣ ಹೈಸ್ಕೂಲಿನಲ್ಲಿ ಭೇದಭಾವ ಕಡಿಮೆ ಮಾಡುವುದು ಹೇಗೆ

ಮೂರೇ ಕ್ಲಾಸು. ಎಂಟು, ಒಂಬತ್ತು, ಹತ್ತು. ಎಲ್ಲಾ ಸೇರಿ ಎಂಬತ್ತೋ ತೊಂಬತ್ತೋ ಮಕ್ಕಳು, ಏಳೆಂಟು ಜನ ಮೇಷ್ಟ್ರು ಮಿಸ್ಸು, ಇಬ್ಬರು ಅಡುಗೆಯವರು. ನಮ್ಮ ಹಳ್ಳಿಗಳಲ್ಲಿ ಇಂಥ ಸರ್ಕಾರಿ ಹೈಸ್ಕೂಲುಗಳು ಬೇಕಾದಷ್ಟಿವೆ. ನಾನು ಸಮಾಜ ವಿಜ್ಞಾನ ಪಾಠ ಮಾಡುವುದೂ ಇಂಥ ಕಡೆಯೇ. ಇಲ್ಲಿ ಯಾರೂ ಯಾರಿಗೂ ಹೊಸಬರಲ್ಲ. ಹುಡುಗ ಗೇಟು ದಾಟಿ ಒಳಗೆ ಬರುವ ಮೊದಲೇ ಅವನು ಯಾರ ಮಗ, ಯಾವ ಬೀದಿ, ಅವರಪ್ಪ ಯಾರ ತೋಟಕ್ಕೆ ಕೂಲಿಗೆ ಹೋಗುತ್ತಾರೆ ಅನ್ನುವುದೆಲ್ಲ ಪಕ್ಕದ ಬೆಂಚಿನವನಿಗೆ ಗೊತ್ತಿರುತ್ತದೆ. ಊರಿನ ಜಗಳ, ಊರಿನ ಬೀದಿ, ಊರಿನ ದೇವಸ್ಥಾನದ ಮೆಟ್ಟಿಲು ಎಲ್ಲವೂ ಅವನ ಬ್ಯಾಗಿನ ಜೊತೆ ಕ್ಲಾಸಿಗೆ ಬರುತ್ತವೆ. ಅವಮಾನವಾದರೆ ತಪ್ಪಿಸಿಕೊಳ್ಳಲು ಬೇರೆ ಸೆಕ್ಷನ್ ಇಲ್ಲ, ಬೇರೆ ಗೆಳೆಯರ ಗುಂಪಿಲ್ಲ. ಬೈದವನ ಜೊತೆಗೇ ಮೂರು ವರ್ಷ ಕೂರಬೇಕು.

ಅದಕ್ಕೇ ಹೇಳುತ್ತೇನೆ, ಭಾಷಣದಿಂದ ಶುರು ಮಾಡಬೇಡಿ. "ನಾವೆಲ್ಲರೂ ಒಂದೇ" ಅಂತ ಎಲ್ಲ ಮಕ್ಕಳೂ ಚೆನ್ನಾಗಿ ಪ್ರಬಂಧ ಬರೆಯುತ್ತಾರೆ. ಅದು ಅವರಿಗೆ ಬಾಯಿಪಾಠ. ಭೇದಭಾವ ಜಾಸ್ತಿ ಉಳಿದುಕೊಂಡಿರುವುದು ದಿನದ ಏರ್ಪಾಡುಗಳಲ್ಲಿ: ಯಾರು ಎಲ್ಲಿ ಕೂರುತ್ತಾರೆ, ಯಾರಿಗೆ ಯಾವ ಲೋಟ, ಪೊರಕೆ ಯಾರ ಕೈಗೆ ಬರುತ್ತದೆ, ಆಫೀಸಿನಿಂದ ಯಾರ ಹೆಸರು ಕೂಗುತ್ತಾರೆ. ಮೊದಲು ಅದನ್ನು ಬದಲಿಸಿ. ಮನಸ್ಸು ನಿಧಾನಕ್ಕೆ ಬದಲಾಗಬಹುದು, ಕೆಲವರದ್ದು ಬದಲಾಗದೆಯೂ ಇರಬಹುದು. ಆದರೆ ನೋವು ತಿನ್ನುತ್ತಿರುವ ಮಗುವಿಗೆ ಅಷ್ಟು ಕಾಯಲು ಆಗುವುದಿಲ್ಲ. ಅದಕ್ಕೆ ಇವತ್ತಿನ ಮಧ್ಯಾಹ್ನದ ಊಟ ಸರಿಯಾಗಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಏನೇ ಮಾಡಿದರೂ ಎಲ್ಲರಿಗೂ ಒಟ್ಟಿಗೆ ಮಾಡಿ. ನೊಂದ ಮಗುವನ್ನು ಮುಂದೆ ನಿಲ್ಲಿಸಿ "ಇವನಿಗೆ ಹೀಗೆ ಮಾಡಬೇಡಿ" ಅಂದರೆ ಅವನಿಗೆ ಎರಡನೇ ಸಲ ಅವಮಾನವಾದ ಹಾಗೆ.

ಒಂದು ವಾರ ಸುಮ್ನೆ ನೋಡಿ

ಏನೂ ಹೇಳದೆ, ಏನೂ ಬದಲಿಸದೆ ನೋಡಿ. ಪಾಠದ ಹೊತ್ತಿನಲ್ಲಿ ಜಾಸ್ತಿ ಕಾಣುವುದಿಲ್ಲ. ಬೆಲ್ಲು ಹೊಡೆದ ಮೇಲಿನ ಹತ್ತು ನಿಮಿಷದಲ್ಲಿ ಕಾಣುತ್ತದೆ. ನಲ್ಲಿ ಹತ್ತಿರ ಹೋಗಿ ನಿಂತುಕೊಳ್ಳಿ. ನಮ್ಮ ಮಕ್ಕಳು ಬಾಟಲಿಯನ್ನು ಎತ್ತಿ ಕುಡಿಯುತ್ತಾರೆ, ಅದು ಎಲ್ಲರ ಮನೆಯ ರೂಢಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಸ್ವಲ್ಪ ಹೊತ್ತು ನೋಡುತ್ತಿದ್ದರೆ ಅದರೊಳಗೇ ಬೇರೆ ಬೇರೆ ಲೆಕ್ಕ ಇರುವುದು ಗೊತ್ತಾಗುತ್ತದೆ. ಒಬ್ಬ ಹುಡುಗ ಗೆಳೆಯನ ಬಾಟಲಿಯನ್ನು ಕಚ್ಚಿ ಕುಡಿದರೂ ಯಾರೂ ಏನೂ ಅನ್ನುವುದಿಲ್ಲ. ಇನ್ನೊಬ್ಬ ಎತ್ತಿಯೇ ಕುಡಿದು ವಾಪಸ್ ಕೊಡುತ್ತಾನೆ, ಆದರೂ ಬಾಟಲಿಯವನು ಅದನ್ನು ನಲ್ಲಿಗೆ ಹಿಡಿದು ತೊಳೆದು ಮುಚ್ಚಳ ಹಾಕುತ್ತಾನೆ. ಮೂರನೆಯವನು ಬಾಟಲಿ ಕೇಳುವುದೇ ಇಲ್ಲ. ಸ್ವಲ್ಪ ಬಗ್ಗಿ ಬೊಗಸೆ ಹಿಡಿಯುತ್ತಾನೆ, ಮೇಲಿಂದ ಹೊಯ್ಯುತ್ತಾರೆ. ಮೂರೂ ಜನ ನಗುತ್ತಾ ಮಾತಾಡುತ್ತಲೇ ಇರುತ್ತಾರೆ. ಜಗಳ ಇಲ್ಲ, ದೂರು ಇಲ್ಲ. ಹಾಗಾಗಿ ಸ್ಟಾಫ್ ರೂಮಿನಲ್ಲಿ ಕೇಳಿದರೆ "ನಮ್ಮಲ್ಲಿ ಅದೆಲ್ಲ ಇಲ್ಲ ಸಾರ್" ಅನ್ನುತ್ತಾರೆ.

ಅಂಬೇಡ್ಕರ್ ಅವರು ಸಾತಾರಾದಲ್ಲಿ ಓದುವಾಗ ನಲ್ಲಿ ಮುಟ್ಟುವ ಹಾಗಿರಲಿಲ್ಲ. ಜವಾನ ಬಂದು ತಿರುಗಿಸಿದರೆ ನೀರು, ಜವಾನ ಇಲ್ಲದಿದ್ದರೆ ನೀರಿಲ್ಲ. ಕೂರಲು ಅವರೇ ಗೋಣಿತಟ್ಟು ತರಬೇಕಿತ್ತು, ಸಂಜೆ ಅದನ್ನು ವಾಪಸ್ ಮನೆಗೆ ಒಯ್ಯಬೇಕಿತ್ತು. ನೂರು ವರ್ಷಕ್ಕೂ ಹಿಂದಿನ ಈ ಕಥೆಯನ್ನು ನಾವು ಏಪ್ರಿಲ್ 14ರಂದು ಹೇಳುತ್ತೇವೆ. ನಮ್ಮ ನಲ್ಲಿಯ ಹತ್ತಿರ ಇವತ್ತು ಬೊಗಸೆ ಹಿಡಿದು ನಿಂತ ಹುಡುಗ ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಇನ್ನೂ ಏನೇನು ನೋಡಬೇಕು? ಮೇಷ್ಟ್ರಿಗೆ ಟೀ ತರಲು ಯಾರನ್ನು ಕಳಿಸುತ್ತೀರಿ, ಆ ಲೋಟ ತೊಳೆಯಲು ಯಾರನ್ನು ಕರೆಯುತ್ತೀರಿ. ಸರಸ್ವತಿ ಪೂಜೆಗೆ ಆರತಿ ತಟ್ಟೆ ಹಿಡಿಯುವುದು ಯಾರು, ಬೆಂಚು ಹೊರುವುದು ಯಾರು. ಆಗಸ್ಟ್ 15ಕ್ಕೆ ಭಾರತಮಾತೆ ವೇಷ ಯಾರಿಗೆ ಹಾಕುತ್ತೀರಿ. ಹೆಚ್ಚಿನ ಕಡೆ ಬೆಳ್ಳಗಿರುವ ಹುಡುಗಿಗೇ ಆ ವೇಷ, ವರ್ಷ ವರ್ಷವೂ. ಕಪ್ಪಗಿರುವ ಹುಡುಗಿ ಎಷ್ಟು ಚೆನ್ನಾಗಿ ಮಾತಾಡಿದರೂ ಹಿಂದಿನ ಸಾಲಿನಲ್ಲಿ ಬಾವುಟ ಹಿಡಿಯುತ್ತಾಳೆ. ಅವಳು ಯಾರಿಗೂ ಏನೂ ಹೇಳುವುದಿಲ್ಲ, ಆದರೆ ಮುಂದಿನ ವರ್ಷ ಹೆಸರೇ ಕೊಡುವುದಿಲ್ಲ.

ನೋಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದನ್ನು ಸ್ಕೂಲಿನಲ್ಲಿ ಇಡಬೇಡಿ, ಮನೆಯಲ್ಲಿಡಿ. ಯಾರ ಜಾತಿಯನ್ನೂ ಬರೆಯಬೇಡಿ. ನಡೆದದ್ದನ್ನಷ್ಟೇ ಬರೆಯಿರಿ.

ಕೂರುವ ಜಾಗ

ಇದು ಎಲ್ಲಕ್ಕಿಂತ ಸುಲಭ, ಖರ್ಚಿಲ್ಲ, ನಾಳೆಯೇ ಮಾಡಬಹುದು. ತಿಂಗಳಿಗೊಮ್ಮೆ ಚೀಟಿ ಎತ್ತಿಸಿ ಎಲ್ಲರ ಜಾಗ ಬದಲಿಸಿ. ಚೀಟಿ ಬೇಡ ಅಂದರೆ ಹಾಜರಿ ನಂಬರ್ ಪ್ರಕಾರ ಕೂರಿಸಿ, ಮುಂದಿನ ತಿಂಗಳು ಕೆಳಗಿನಿಂದ ಮೇಲಕ್ಕೆ. ಕಣ್ಣು ಕಾಣದ, ಕಿವಿ ಕೇಳದ ಮಕ್ಕಳಿಗೆ ಮಾತ್ರ ಮುಂದಿನ ಬೆಂಚು ಖಾಯಂ. ಬೇರೆ ಯಾವ ವಿನಾಯಿತಿಯೂ ಬೇಡ. "ನೀನು ಹೋಗಿ ಅವಳ ಪಕ್ಕ ಕೂತ್ಕೋ" ಅಂತ ಒಬ್ಬರನ್ನೇ ಎತ್ತಿ ಕಳಿಸಬೇಡಿ, ಹಾಗೆ ಮಾಡಿದರೆ ಕ್ಲಾಸಿಗೆಲ್ಲ ಕಾರಣ ಗೊತ್ತಾಗುತ್ತದೆ.

ತಮಿಳುನಾಡಿನ ನಾಂಗುನೇರಿಯಲ್ಲಿ 2023ರ ಆಗಸ್ಟಿನಲ್ಲಿ ಒಬ್ಬ ದಲಿತ ವಿದ್ಯಾರ್ಥಿಯ ಮನೆಗೆ ಅವನ ಸ್ಕೂಲಿನ ಹುಡುಗರೇ ನುಗ್ಗಿ ಮಚ್ಚು ಬೀಸಿದರು. ಅವನ ತಂಗಿಗೂ ಪೆಟ್ಟಾಯಿತು. ಆಮೇಲೆ ಅಲ್ಲಿನ ಸರ್ಕಾರ ನಿವೃತ್ತ ನ್ಯಾಯಮೂರ್ತಿ ಕೆ. ಚಂದ್ರು ಅವರನ್ನು ವರದಿ ಕೊಡಲು ನೇಮಿಸಿತು. 2024ರ ಜೂನಿನಲ್ಲಿ ಅವರು ಕೊಟ್ಟ ಸಲಹೆಗಳಲ್ಲಿ ದೊಡ್ಡ ದೊಡ್ಡ ಮಾತಿನ ಜೊತೆ ತೀರಾ ಸಣ್ಣವೂ ಇದ್ದವು. ಮಕ್ಕಳನ್ನು ಹೆಸರಿನ ಅಕ್ಷರದ ಕ್ರಮದಲ್ಲಿ ಕೂರಿಸಿ. ಜಾತಿ ತೋರಿಸುವ ಬಣ್ಣದ ದಾರವನ್ನು ಕೈಗೆ ಕಟ್ಟಿಕೊಂಡು ಬರಲು ಬಿಡಬೇಡಿ. ಹಾಜರಿ ಪುಸ್ತಕದಲ್ಲಿ ಜಾತಿ ಕಾಣುವ ಹಾಗೆ ಇರಬಾರದು. ಮಚ್ಚಿನವರೆಗೆ ಹೋದ ದ್ವೇಷ ಬೆಂಚಿನಿಂದಲೇ ಬೆಳೆದಿರುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು.

ಜಾಗ ಬದಲಿಸಿದ ವಾರವೇ ಒಬ್ಬರು ಅಪ್ಪ ಬರುತ್ತಾರೆ. ನೇರವಾಗಿ ಹೇಳುವುದಿಲ್ಲ. "ಮಗಳಿಗೆ ಬೋರ್ಡು ಕಾಣಲ್ವಂತೆ ಸಾರ್" ಅನ್ನುತ್ತಾರೆ. ಜಗಳಕ್ಕೆ ಹೋಗಬೇಡಿ, ಅವರ ಮನಸ್ಸಿನಲ್ಲಿ ಇರುವುದನ್ನು ಬಾಯಿ ಬಿಡಿಸಲೂ ಹೋಗಬೇಡಿ. "ಈ ತಿಂಗಳು ಎಲ್ಲರದ್ದೂ ಬದಲಾಗಿದೆ, ಮುಂದಿನ ತಿಂಗಳು ಮತ್ತೆ ಬದಲಾಗುತ್ತೆ ಯಜಮಾನ್ರೇ, ಕಣ್ಣಿನ ಡಾಕ್ಟರ್ ಚೀಟಿ ತನ್ನಿ, ಮುಂದೆ ಕೂರಿಸ್ತೀನಿ" ಅನ್ನಿ. ಸಾಮಾನ್ಯವಾಗಿ ಚೀಟಿ ಬರುವುದಿಲ್ಲ. ಎರಡು ತಿಂಗಳು ಕಳೆದ ಮೇಲೆ ಕೇಳುವವರೂ ಇರುವುದಿಲ್ಲ.

ಊಟ ಮತ್ತು ಪೊರಕೆ

ಬಿಸಿಯೂಟದ ಸಾಲು ಇಡೀ ದಿನದಲ್ಲಿ ಮುಖ್ಯವಾದ ಜಾಗ. ಸಾಲನ್ನು ಮಕ್ಕಳಿಗೆ ಬಿಟ್ಟರೆ ಬೀದಿವಾರು ಗುಂಪಾಗುತ್ತದೆ. ಕ್ಲಾಸುವಾರು ಬಿಟ್ಟರೂ ಒಳಗೆ ಗುಂಪೇ. ಹಾಗಾಗಿ ಕೈ ತೊಳೆದು ಬಂದ ಕ್ರಮದಲ್ಲೇ ಕೂರಬೇಕು ಅನ್ನುವ ಒಂದೇ ನಿಯಮ ಇಡಿ, ಮತ್ತು ಒಬ್ಬರು ಮೇಷ್ಟ್ರು ಆ ಸಾಲಿನ ಮಧ್ಯೆ ತಟ್ಟೆ ಹಿಡಿದು ಕೂರಲಿ. ಸಾಲಿನ ಕೊನೆಯಲ್ಲಿ ಕುರ್ಚಿ ಹಾಕಿಕೊಂಡಲ್ಲ, ಮಧ್ಯೆ, ನೆಲದ ಮೇಲೆ. ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಬೇಕು ಅನ್ನುವುದು ನಿಯಮದಲ್ಲೇ ಇದೆ. ಅದನ್ನು ಅಡುಗೆ ಕೋಣೆಯಲ್ಲಿ ಮಾಡಿ ಸಹಿ ಹಾಕುವ ಬದಲು ಮಕ್ಕಳ ಎದುರಿಗೇ ಮಾಡಿ. ಅಡುಗೆಯವರು ಯಾವ ಜಾತಿಯವರೇ ಆಗಿರಲಿ, ಮೇಷ್ಟ್ರು ಮೊದಲ ತುತ್ತು ತಿನ್ನುವುದನ್ನು ಮಕ್ಕಳು ದಿನಾ ನೋಡಲಿ. 2025ರ ಜೂನಿನಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಊರಿನ ಪ್ರಾಥಮಿಕ ಶಾಲೆಯಲ್ಲಿ ದಲಿತ ಮಹಿಳೆ ಅಡುಗೆ ಮಾಡುತ್ತಾರೆ ಅಂತ ಅಪ್ಪ ಅಮ್ಮಂದಿರು ಮಕ್ಕಳನ್ನೇ ಬೇರೆ ಶಾಲೆಗೆ ಕರೆದುಕೊಂಡು ಹೋದ ಸುದ್ದಿ ಬಂತು. ಅಲ್ಲಿಯವರೆಗೆ ಹೋಗುವ ಮೊದಲು ಯಾವುದೋ ದಿನ ಯಾವುದೋ ಮಗು "ಹಸಿವಿಲ್ಲ ಮಿಸ್" ಅಂದಿರುತ್ತದೆ. ಆ "ಹಸಿವಿಲ್ಲ" ಒಂದೇ ವಾರದಲ್ಲಿ ಎರಡು ಮೂರು ಸಲ ಬಂದರೆ ಆ ಮನೆಗೆ ಹೋಗಿ ಬನ್ನಿ.

ಮೊಟ್ಟೆಯ ವಿಷಯಕ್ಕೆ ಬರೋಣ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ತಿನ್ನುವುದು ಬಿಡುವುದು ಆ ಮಗುವಿಗೆ ಮತ್ತು ಮನೆಯವರಿಗೆ ಬಿಟ್ಟದ್ದು, ಅದು ಗೌರವಿಸಬೇಕಾದ ವಿಷಯ. ಆದರೆ ಅದಕ್ಕೆ ಅಂತ ಎರಡು ಸಾಲು ಮಾಡಬೇಡಿ. "ಮೊಟ್ಟೆಯವರು ಆ ಕಡೆ" ಅಂದ ಕೂಡಲೇ ಆ ಕಡೆ ಈ ಕಡೆ ಅನ್ನುವುದಕ್ಕೆ ಬೇರೆಯದೇ ಅರ್ಥ ಬಂದುಬಿಡುತ್ತದೆ. ಎರಡು ಟ್ರೇ ಒಂದೇ ಸಾಲಿನಲ್ಲಿ ಬರಲಿ, ಬೇಕಾದವರು ಬೇಕಾದದ್ದು ತೆಗೆದುಕೊಳ್ಳಲಿ.

ಪೊರಕೆಗೆ ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ಹಾಜರಿ ನಂಬರ್ ಪ್ರಕಾರ, ಹುಡುಗ ಹುಡುಗಿ ಇಬ್ಬರೂ. ಹುಡುಗಿಯರು ಗುಡಿಸುವುದು, ಹುಡುಗರು ನೀರು ತರುವುದು ಅನ್ನುವ ಪದ್ಧತಿಯನ್ನೂ ಇದರ ಜೊತೆಗೇ ಬಿಡಿಸಬಹುದು. ಪಟ್ಟಿಯಲ್ಲಿ ಮೇಷ್ಟ್ರ ಹೆಸರೂ ಇದ್ದರೆ ಇನ್ನೂ ಒಳ್ಳೆಯದು. ಶೌಚಾಲಯ ತೊಳೆಸುವುದು ಮಾತ್ರ ಬೇಡವೇ ಬೇಡ, ಶಿಕ್ಷೆ ಅಂತಂತೂ ಕೇಳಲೇಬೇಡಿ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಒಂದು ವಸತಿ ಶಾಲೆಯಲ್ಲಿ ಮಕ್ಕಳನ್ನು ಶೌಚದ ಗುಂಡಿಗೆ ಇಳಿಸಿದ್ದು ಹೊರಗೆ ಬಂದಾಗ ಇಡೀ ರಾಜ್ಯ ತಲೆತಗ್ಗಿಸಿತು. ಆ ಕೆಲಸಕ್ಕೆ ಯಾವ ಮಕ್ಕಳನ್ನು ಕರೆಯುತ್ತಾರೆ ಅನ್ನುವುದು ನಮಗೆಲ್ಲ ಗೊತ್ತಿರುವುದೇ.

ಆಫೀಸು, ಸ್ಟಾಫ್ ರೂಮು

ಸ್ಕಾಲರ್‌ಶಿಪ್ ಅರ್ಜಿಯ ಸಮಯದಲ್ಲಿ ಏನಾಗುತ್ತದೆ ನೋಡಿ. ಕ್ಲಾಸು ನಡೆಯುತ್ತಿರುವಾಗ ಬಾಗಿಲಲ್ಲಿ ಒಬ್ಬರು ಬಂದು ನಿಲ್ಲುತ್ತಾರೆ. "ಎಸ್‌ಸಿ ಎಸ್‌ಟಿ ಮಕ್ಕಳು ಎದ್ದು ನಿಂತ್ಕೊಳಿ, ಆರ್‌ಡಿ ನಂಬರ್ ಯಾರ್ಯಾರು ತಂದಿಲ್ಲ?" ಆರ್‌ಡಿ ನಂಬರ್ ಅಂದರೆ ಜಾತಿ ಆದಾಯ ಪ್ರಮಾಣಪತ್ರದ ಮೇಲಿರುವ ನಂಬರ್. ಐದಾರು ಮಕ್ಕಳು ಎದ್ದು ನಿಲ್ಲುತ್ತಾರೆ. ಮಿಕ್ಕವರು ತಿರುಗಿ ನೋಡುತ್ತಾರೆ. ಒಂದು ಹುಡುಗಿ ಅರ್ಧ ಎದ್ದು ಮತ್ತೆ ಕೂರುತ್ತಾಳೆ, ಆಮೇಲೆ ಆ ವರ್ಷದ ಸ್ಕಾಲರ್‌ಶಿಪ್ಪೇ ಬೇಡ ಅನ್ನುತ್ತಾಳೆ. ಕೇಳಿದವರಿಗೆ ಕೆಟ್ಟ ಮನಸ್ಸಿಲ್ಲ, ಪೋರ್ಟಲ್ಲಿನ ಕೊನೇ ದಿನ ಹತ್ತಿರ ಬಂದಿರುತ್ತದೆ ಅಷ್ಟೇ. ಆದರೂ ಇದನ್ನು ನಿಲ್ಲಿಸಲೇಬೇಕು. ಜೂನಿನಲ್ಲೇ ಎಲ್ಲಾ ಮಕ್ಕಳ ಮನೆಗೂ ಒಂದೇ ಚೀಟಿ ಕಳಿಸಿ: ಜಾತಿ ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಝೆರಾಕ್ಸ್ ಇಷ್ಟು ದಿನದೊಳಗೆ ಆಫೀಸಿಗೆ ತಂದುಕೊಡಿ ಅಂತ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್‌ಗಳೂ ಇರುವುದರಿಂದ ಹೇಗೂ ಹೆಚ್ಚಿನ ಮಕ್ಕಳಿಗೆ ಬೇಕಾಗುತ್ತದೆ. ಕಾಗದ ತರದವರಿಗೆ ಅಪ್ಪ ಅಮ್ಮನ ಫೋನಿಗೆ ಮಾಡಿ. ಫೋನ್ ಹೋಗದಿದ್ದರೆ ಮಗುವನ್ನು ಹೆಸರು ಹಿಡಿದು ಒಬ್ಬನನ್ನೇ ಕರೆದು ಕೇಳಿ. ಬಾಗಿಲಲ್ಲಿ ನಿಂತು ಗುಂಪಾಗಿ ಕರೆಯುವುದು ಇನ್ನು ಮೇಲೆ ಇಲ್ಲ ಅಂತ ಸ್ಟಾಫ್ ಮೀಟಿಂಗಿನಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿ.

ನಮ್ಮ ನಾಲಿಗೆಯ ವಿಷಯವೂ ಇದೆ. ಹೊಸ ಮಗು ಬಂದ ಕೂಡಲೇ "ನೀವು ಯಾವ ಪೈಕಿ?" ಅನ್ನುವುದು, "ನಿಮ್ಮನೇಲಿ ನಾನ್‌ವೆಜ್ ತಿಂತೀರಾ?" ಅನ್ನುವುದು, ಅಪ್ಪನ ಹೆಸರು ಕೇಳಿ ಸುಮ್ಮನಾಗದೆ ತಾತನ ಹೆಸರನ್ನೂ ಕೇಳುವುದು. ತಾಂಡಾದಿಂದ ಬಂದ ಮಗು ಬಾಯಿ ತಪ್ಪಿ ಲಂಬಾಣಿ ಪದ ಹೇಳಿದರೆ ನಗುವುದು, ಮನೆಯಲ್ಲಿ ಉರ್ದು ಮಾತಾಡುವ ಮಗುವಿನ ಕನ್ನಡವನ್ನು ಅದೇ ರಾಗದಲ್ಲಿ ಅಣಕಿಸುವುದು, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಮಗನಿಗೆ "ನಿನ್ ಭಾಷೆ ನಂಗರ್ಥ ಆಗಲ್ಲಪ್ಪ" ಅನ್ನುವುದು. ಇಂಥದ್ದು ಮೇಷ್ಟ್ರ ಬಾಯಲ್ಲಿ ಒಂದು ಸಲ ಬಂದರೆ ಸಾಕು, ಮಧ್ಯಾಹ್ನದೊಳಗೆ ಮಕ್ಕಳ ಬಾಯಲ್ಲಿ ಹತ್ತು ಸಲ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಜೊತೆಯ ಮೇಷ್ಟ್ರು ಹೀಗೆ ಮಾತಾಡಿದರೆ ಎಲ್ಲರ ಎದುರು ತಿದ್ದಬೇಡಿ, ಬಸ್ ಸ್ಟಾಪಿನಲ್ಲಿ ಒಬ್ಬರೇ ಸಿಕ್ಕಾಗ ಹೇಳಿ. ಆಗಲೂ ಬಿಡದಿದ್ದರೆ ಹೆಡ್ ಮಾಸ್ಟರಿಗೆ ಬರೆದು ಕೊಡಿ.

ಕ್ಲಾಸಿನಲ್ಲಿ ಒಂದು ಮಾತು ಬಂದಾಗ

ಹಿಂದಿನ ಬೆಂಚಿನಿಂದ ಒಂದು ಜಾತಿಯ ಹೆಸರು ಬೈಗುಳವಾಗಿ ಬರುತ್ತದೆ. ನಾಲ್ಕು ಜನ ಕಿಸಕ್ಕನೆ ನಗುತ್ತಾರೆ. ಕೇಳಿಸಲಿಲ್ಲ ಅನ್ನುವ ಹಾಗೆ ಬೋರ್ಡಿನ ಕಡೆ ತಿರುಗಿದರೆ ಮಕ್ಕಳು ಅದನ್ನು ಒಪ್ಪಿಗೆ ಅಂತಲೇ ತಿಳಿಯುತ್ತಾರೆ. ಅರ್ಧ ಗಂಟೆ ಬೈದರೆ ನೊಂದ ಮಗು ಆ ಅರ್ಧ ಗಂಟೆ ಪೂರ್ತಿ ಎಲ್ಲರ ಕಣ್ಣ ಮುಂದೆ ಇರಬೇಕಾಗುತ್ತದೆ. ಎರಡೂ ಬೇಡ. ಪಾಠ ನಿಲ್ಲಿಸಿ. ಅಂದವನನ್ನು ನೋಡಿ. "ಈ ಕ್ಲಾಸಲ್ಲಿ ಆ ಮಾತು ಬೇಡ. ಸಾಯಂಕಾಲ ನನ್ನ ಕಂಡು ಹೋಗು" ಅನ್ನಿ. ನೊಂದ ಮಗುವಿನ ಕಡೆ ನೋಡಬೇಡಿ. ಪಾಠ ಮುಂದುವರಿಸಿ. ಇಷ್ಟಕ್ಕೆ ಹತ್ತು ಸೆಕೆಂಡ್ ಸಾಕು.

ಅದೇ ದಿನ ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಿ. ಮೊದಲು ನೊಂದ ಮಗು. "ಏನಾಯ್ತು ಹೇಳು" ಅಂತ ಒತ್ತಾಯ ಮಾಡಬೇಡಿ. "ಅವನು ಅಂದದ್ದು ನಂಗೆ ಕೇಳಿಸ್ತು, ಅದು ತಪ್ಪು. ಮುಂಚೆನೂ ಹಿಂಗೆ ಅಂದಿದ್ದಾರಾ?" ಅಂತ ಕೇಳಿ ಸುಮ್ಮನಿರಿ. ಎಷ್ಟೋ ಸಲ ಮೊದಲ ಉತ್ತರ "ಏನಿಲ್ಲ ಸಾರ್" ಅಂತಲೇ ಬರುತ್ತದೆ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಅಂದವನ ಹತ್ತಿರ ಅವನ ಮನೆಯವರನ್ನು ಎಳೆದು ಮಾತಾಡಬೇಡಿ. ಆ ಮಾತು ಅವನಿಗೆ ಮನೆಯಲ್ಲೇ ಸಿಕ್ಕಿರಬಹುದು, ಆದರೆ ಹದಿನಾಲ್ಕು ವರ್ಷದ ಹುಡುಗನಿಗೆ ಅಪ್ಪನನ್ನು ಬಿಟ್ಟುಕೊಡು ಅಂದರೆ ಅವನು ಗಟ್ಟಿಯಾಗಿ ಅಪ್ಪನ ಕಡೆಯೇ ನಿಲ್ಲುತ್ತಾನೆ. "ನೀನು ಅಂದದ್ದು ಏನು, ಅದು ಕೇಳಿದವನಿಗೆ ಏನಾಗುತ್ತೆ, ಇನ್ನೊಂದು ಸಲ ಆದರೆ ನಾನೇನು ಮಾಡ್ತೀನಿ" ಇಷ್ಟೇ ಹೇಳಿ. ಎಲ್ಲರ ಮುಂದೆ ಸಾರಿ ಕೇಳಿಸುವುದರಿಂದ ಏನೂ ಪ್ರಯೋಜನವಿಲ್ಲ. ಕೈ ಕುಲುಕಿಸಿ ಕಳಿಸಿದರೆ ನಮಗೆ ಸಮಾಧಾನ ಆಗಬಹುದು, ನೊಂದ ಹುಡುಗ ಗೇಟಿನ ಹೊರಗೆ ಅದಕ್ಕೂ ಸೇರಿಸಿ ಕೇಳಿಸಿಕೊಳ್ಳಬೇಕಾಗುತ್ತದೆ.

ಅಡ್ಡಹೆಸರುಗಳನ್ನೂ ಬಿಡಬೇಡಿ. ಕರಿಯ, ಕುಂಟ, ಡಬ್ಬ. ನಡಿಗೆ ಮಾತು ಸ್ವಲ್ಪ ಮೆತ್ತಗಿರುವ ಹುಡುಗನಿಗೆ ಇಡುವ ಹೆಸರುಗಳು ಇನ್ನೂ ಕೆಟ್ಟವು, ಅವನ್ನು ಇಲ್ಲಿ ಬರೆಯಲಾರೆ. "ಪ್ರೀತಿಗೆ ಕರೀತಾರೆ ಸಾರ್" ಅನ್ನುತ್ತಾರೆ. ಆ ಮಗು ತಾನಾಗಿ ಆ ಹೆಸರು ಬರೆದುಕೊಳ್ಳುತ್ತದಾ ನೋಡಿ. ಇಲ್ಲ ಅಂದರೆ ಅದು ಪ್ರೀತಿಯ ಹೆಸರಲ್ಲ.

ಪಾಠದ ಒಳಗೆ

ಜೊತೆಯಲ್ಲಿ ಕೂರಿಸಿದ ಮಾತ್ರಕ್ಕೆ ಸ್ನೇಹ ಆಗಿಬಿಡುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಇದನ್ನು ಬಿಡಿಸಿ ಹೇಳಿದರು. ಬೇರೆ ಬೇರೆ ಗುಂಪಿನವರು ಹತ್ತಿರ ಬಂದಾಗ ಪೂರ್ವಗ್ರಹ ಕಡಿಮೆಯಾಗಬೇಕಾದರೆ ಅಲ್ಲಿ ಇಬ್ಬರ ಸ್ಥಾನವೂ ಸಮ ಇರಬೇಕು, ಇಬ್ಬರಿಗೂ ಒಂದೇ ಗುರಿ ಇರಬೇಕು, ಒಬ್ಬರಿಗೊಬ್ಬರು ಕೈ ಜೋಡಿಸದೆ ಆ ಕೆಲಸ ಆಗಬಾರದು, ಮೇಲಿನವರ ಬೆಂಬಲವೂ ಇರಬೇಕು. ನಮ್ಮ ಊರಿನ ಗದ್ದೆಯಲ್ಲಿ ಎಲ್ಲ ಜಾತಿಯವರೂ ದಿನಾ ಒಟ್ಟಿಗೆ ಇರುತ್ತಾರೆ, ಆದರೆ ಒಬ್ಬರು ಧಣಿ, ಒಬ್ಬರು ಆಳು. ಆ ಜೊತೆಯಿಂದ ಏನೂ ಬದಲಾಗದಿರುವುದಕ್ಕೆ ಕಾರಣ ಇದೇ.

ಇದನ್ನು ಕ್ಲಾಸಿನಲ್ಲಿ ಹೇಗೆ ಮಾಡುವುದು ಅಂತ 1971ರಲ್ಲಿ ಟೆಕ್ಸಾಸಿನ ಆಸ್ಟಿನ್ ಊರಿನಲ್ಲಿ ಎಲಿಯಟ್ ಆರನ್ಸನ್ ಮತ್ತು ಜೊತೆಯವರು ತೋರಿಸಿದರು. ಅಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳು ಹೊಸದಾಗಿ ಒಂದೇ ಸ್ಕೂಲಿಗೆ ಬಂದು ಹೊಡೆದಾಟ ಶುರುವಾಗಿತ್ತು. ಅವರ ವಿಧಾನ ನಮ್ಮ ಮೂವತ್ತು ಮಕ್ಕಳ ಕ್ಲಾಸಿಗೆ ಹೇಳಿ ಮಾಡಿಸಿದ ಹಾಗಿದೆ. ಐದೈದು ಮಕ್ಕಳ ಆರು ಗುಂಪು ಮಾಡಿ, ಚೀಟಿ ಎತ್ತಿಸಿಯೇ. ಒಂದು ಪಾಠವನ್ನು ಐದು ತುಂಡು ಮಾಡಿ. 1857ರ ದಂಗೆಯನ್ನೇ ತೆಗೆದುಕೊಳ್ಳಿ: ಆರ್ಥಿಕ ಕಾರಣ, ರಾಜಕೀಯ ಕಾರಣ, ಸೈನಿಕರ ಸಿಟ್ಟು, ದಂಗೆ ಹರಡಿದ ಬಗೆ, ಯಾಕೆ ಸೋತಿತು. ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಮಾತ್ರ ಕೊಡಿ. ಈಗ ಒಂದೇ ತುಂಡು ಸಿಕ್ಕ ಆರು ಮಕ್ಕಳು ಬೇರೆ ಬೇರೆ ಗುಂಪಿನಿಂದ ಎದ್ದು ಒಂದು ಕಡೆ ಸೇರಿ ಅದನ್ನು ಚೆನ್ನಾಗಿ ಓದಿ ಚರ್ಚೆ ಮಾಡಲಿ. ಆಮೇಲೆ ತಮ್ಮ ತಮ್ಮ ಗುಂಪಿಗೆ ವಾಪಸ್ ಹೋಗಿ ಮಿಕ್ಕ ನಾಲ್ವರಿಗೆ ಹೇಳಿಕೊಡಲಿ. ಕೊನೆಗೆ ಇಡೀ ಪಾಠದ ಮೇಲೆ ಟೆಸ್ಟ್ ಇಡಿ.

ಇದರಲ್ಲಿ ಏನಾಗುತ್ತದೆ ಅಂದರೆ, ಮೂರನೇ ತುಂಡು ಗೊತ್ತಿರುವುದು ಗುಂಪಿನಲ್ಲಿ ಒಬ್ಬನಿಗೆ ಮಾತ್ರ. ಅವನು ಯಾವ ಬೀದಿಯವನೇ ಆಗಿರಲಿ, ಮಾರ್ಕ್ಸ್ ಬೇಕು ಅಂದರೆ ಅವನ ಮಾತು ಕೇಳಲೇಬೇಕು. ಅವನು ತಡವರಿಸಿದರೆ ಅಣಕಿಸುವ ಬದಲು "ಸೈನಿಕರು ಯಾಕೆ ಬಂದೂಕಿನ ತೋಟಾ ಬೇಡ ಅಂದ್ರು? ಅದು ಹೇಳು" ಅಂತ ಕೇಳಿ ಕೇಳಿ ಹೊರಗೆ ತೆಗೆಯಬೇಕು. ಓದು ನಿಧಾನ ಇರುವ ಮಗುವಿಗೆ ಆ ಆರು ಜನರ ಜೊತೆ ಮೊದಲೇ ಒಂದು ಸಲ ಅಭ್ಯಾಸ ಆಗಿರುತ್ತದೆ, ಅದು ದೊಡ್ಡ ಆಸರೆ. ಮೊದಲ ಎರಡು ಸಲ ಗದ್ದಲ ಜಾಸ್ತಿ, ಪೋರ್ಷನ್ ಹಿಂದೆ ಬೀಳುತ್ತದೆ, ಪಕ್ಕದ ಕ್ಲಾಸಿನವರು ಬಂದು ಇಣುಕುತ್ತಾರೆ. ಆದರೂ ಬಿಡಬೇಡಿ, ತಿಂಗಳಿಗೆ ಎರಡು ಸಲವಾದರೂ ಮಾಡಿ. ನಾನು ಕಂಡ ಹಾಗೆ ಬೆಂಚು ಬದಲಿಸುವುದು, ಈ ವಿಧಾನ, ಎರಡೂ ಒಟ್ಟಿಗೆ ನಡೆದರೆ ದೀಪಾವಳಿ ರಜೆ ಹೊತ್ತಿಗೆ ನಲ್ಲಿ ಹತ್ತಿರವೂ ವ್ಯತ್ಯಾಸ ಕಾಣುತ್ತದೆ.

ಅಸ್ಪೃಶ್ಯತೆಯ ಪಾಠ ಬಂದ ದಿನ ಎಚ್ಚರವಾಗಿರಿ. ಆ ಪದ ಬೋರ್ಡ್ ಮೇಲೆ ಬಿದ್ದ ಕೂಡಲೇ ಎಲ್ಲರ ತಲೆ ಇಬ್ಬರು ಮೂವರು ಮಕ್ಕಳ ಕಡೆ ತಿರುಗುತ್ತದೆ. ಅನುಭವಿಸಿದವರ ಕಷ್ಟದಿಂದ ಪಾಠ ಶುರು ಮಾಡುವುದಕ್ಕಿಂತ ಆಚರಿಸಿದವರು ಏನು ಮಾಡಿದರು, ಕಾನೂನು ಏನು ಹೇಳುತ್ತದೆ ಅನ್ನುವುದರಿಂದ ಶುರು ಮಾಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೇ ವಿಧಿಯಲ್ಲಿ ಬಾವಿ, ಕೆರೆ, ರಸ್ತೆ, ಹೋಟೆಲು ಎಲ್ಲದರ ಹೆಸರೂ ಇದೆ. 1955ರಲ್ಲಿ ಅದನ್ನು ಶಿಕ್ಷೆಯ ಅಪರಾಧ ಮಾಡುವ ಕಾಯ್ದೆ ಬಂತು, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ. ಮಂಗಳೂರಿನ ಕುದ್ಮುಲ್ ರಂಗರಾಯರ ಬಗ್ಗೆ ಹೇಳಿ. ಮೇಲ್ಜಾತಿಯಲ್ಲಿ ಹುಟ್ಟಿ, ದಲಿತ ಮಕ್ಕಳಿಗೆ ಶಾಲೆ ತೆರೆದು, ತಮ್ಮವರಿಂದಲೇ ಬಹಿಷ್ಕಾರ ತಿಂದವರು. ಬೈಯುವವರ ಮನೆಯಲ್ಲಿ ಹುಟ್ಟಿದ ಹುಡುಗನಿಗೂ ತಾನು ನಿಲ್ಲಬಹುದಾದ ಜಾಗ ಒಂದಿದೆ ಅಂತ ಗೊತ್ತಾಗುವುದು ಇಂಥವರಿಂದ.

ಒಂದು ಪ್ರಯೋಗ ಮಾತ್ರ ಮಾಡಬೇಡಿ. 1968ರಲ್ಲಿ ಅಮೆರಿಕದ ಅಯೋವಾದ ಒಂದು ಸಣ್ಣ ಊರಿನಲ್ಲಿ ಜೇನ್ ಎಲಿಯಟ್ ಅನ್ನುವ ಟೀಚರ್ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಎರಡು ಭಾಗ ಮಾಡಿ, ಒಂದು ಗುಂಪು ಮೇಲು, ಇನ್ನೊಂದು ಕೀಳು ಅಂತ ನಡೆಸಿಕೊಂಡು ತೋರಿಸಿದ್ದರು. ವಿಡಿಯೋ ನೋಡಿ ಉತ್ಸಾಹದಿಂದ ನಮ್ಮಲ್ಲೂ ಮಾಡೋಣ ಅನ್ನುವವರಿದ್ದಾರೆ. ಆ ಕ್ಲಾಸಿನಲ್ಲಿ ಎಲ್ಲರೂ ಬಿಳಿಯರ ಮಕ್ಕಳು, ಅವಮಾನ ಅಂದರೆ ಏನು ಅಂತ ಗೊತ್ತಿಲ್ಲದವರು. ನಮ್ಮ ಕ್ಲಾಸಿನಲ್ಲಿ ಅದು ಚೆನ್ನಾಗಿ ಗೊತ್ತಿರುವ ಮಕ್ಕಳಿದ್ದಾರೆ. ಅವರಿಗೆ ಇನ್ನೊಂದು ದಿನ ಅದೇ ಬೇಡ.

ಧರ್ಮ, ದಾರ, ಸ್ಟೇಟಸ್ಸು

2022ರಲ್ಲಿ ಹಿಜಾಬ್ ಗಲಾಟೆ ಉಡುಪಿಯ ಪಿಯು ಕಾಲೇಜಿನಿಂದ ಶುರುವಾಗಿ ಹೈಸ್ಕೂಲುಗಳ ಗೇಟಿನವರೆಗೂ ಬಂದದ್ದು ನೆನಪಿದೆ ಅಲ್ವಾ? ಒಂಬತ್ತನೇ ಕ್ಲಾಸಿನವರೆಗೆ ಒಂದೇ ಬೆಂಚಿನಲ್ಲಿ ಕೂತ ಹುಡುಗಿಯರು ಹತ್ತನೇ ಕ್ಲಾಸಿನಲ್ಲಿ ಮಾತು ಬಿಟ್ಟ ಕಥೆಗಳು ಎಷ್ಟೋ. ಟಿವಿಯ ಜಗಳ ಕ್ಲಾಸಿಗೆ ಬಂದ ದಿನ ಮೇಷ್ಟ್ರು ಪಕ್ಷ ಹಿಡಿದು ಮಾತಾಡಬಾರದು. ಕ್ಲಾಸಿನಲ್ಲಿರುವ ಇಬ್ಬರು ಮುಸ್ಲಿಂ ಮಕ್ಕಳನ್ನು "ನಿಮ್ಮವರು ಯಾಕೆ ಹೀಗೆ?" ಅಂತ ಕೇಳಲೇಬಾರದು. ಹದಿನೈದು ವರ್ಷದ ಮಗು ಒಂದು ಇಡೀ ಸಮುದಾಯದ ವಕೀಲಿ ಮಾಡಬೇಕಾಗಿಲ್ಲ. ಜಾತಿ ಸಂಘದ ಬಣ್ಣದ ದಾರ, ಶಾಲು, ಬೈಕಿನ ಸ್ಟಿಕ್ಕರ್, "ನಮ್ ಹುಡುಗ್ರು" ಅನ್ನುವ ವಾಟ್ಸಾಪ್ ಸ್ಟೇಟಸ್ಸು ಇವುಗಳಲ್ಲಿ ಸ್ಕೂಲಿನೊಳಗೆ ಬರುವುದನ್ನು ಎಲ್ಲರಿಗೂ ಒಂದೇ ನಿಯಮ ಮಾಡಿ ನಿಲ್ಲಿಸಿ. ಸ್ಟೇಟಸ್ಸು ನಿಮ್ಮ ಕೈಲಿಲ್ಲ. ಅದರಲ್ಲಿ ಸ್ಕೂಲಿನ ಮಗುವಿನ ಫೋಟೋ ಹಾಕಿ ಹೀಯಾಳಿಸಿದ್ದರೆ ಮಾತ್ರ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮನೆಯವರನ್ನು ಕರೆಸಿ.

ಹುಡುಗಿಯರ ವಿಷಯ ಒಂದು ಮಾತು. ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹುಡುಗಿಯನ್ನು ಈಗಲೂ ಊರ ಹೊರಗೆ ಇರಿಸುತ್ತಾರೆ. ತಿಂಗಳಿಗೆ ಮೂರು ದಿನ ಕಾಣದ ಹುಡುಗಿಗೆ "ಯಾಕೆ ಬಂದಿಲ್ಲ?" ಅಂತ ಹುಡುಗರ ಎದುರು ಕೇಳಬೇಡಿ. ಮಿಸ್ ಒಬ್ಬರು ಮನೆಗೆ ಹೋಗಿ ಅಮ್ಮನ ಹತ್ತಿರ ಮಾತಾಡಲಿ, ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಳ್ಳಲಿ.

ಇದನ್ನು ಓದುತ್ತಿರುವ ಮಕ್ಕಳಿಗೆ

ಗೆಳೆಯನಿಗೆ ಯಾರೋ ಏನೋ ಅಂದಾಗ ನೀನು ಹೀರೋ ಆಗಿ ಹೊಡೆದಾಟಕ್ಕೆ ಇಳಿಯಬೇಕಾಗಿಲ್ಲ. ನಗಬೇಡ, ಅಷ್ಟು ಮಾಡಿದರೂ ದೊಡ್ಡದು. ನಾಲ್ಕು ಜನ ನಗದಿದ್ದರೆ ಅಂದವನಿಗೆ ಉತ್ಸಾಹ ಇರುವುದಿಲ್ಲ. ಆಮೇಲೆ ಹೋಗಿ ಅವನ ಪಕ್ಕ ಕೂತುಕೋ, ನಿನ್ನ ಬಾಟಲಿ ಕೊಡು, ಕ್ರಿಕೆಟ್ಟಿಗೆ ಕರಿ. ಧೈರ್ಯ ಇದ್ದರೆ "ಆ ಹೆಸರಲ್ಲಿ ಕರೀಬೇಡ ಮಾರಾಯ" ಅನ್ನು. ನಿನಗೇ ಯಾರಾದರೂ ಅಂದರೆ ಅದು ನಿನ್ನ ತಪ್ಪಲ್ಲ, ಮನೆಯಲ್ಲಿ ಹೇಳಲು ನಾಚಿಕೆಯಾದರೆ ನಿನಗೆ ಹತ್ತಿರ ಅನ್ನಿಸುವ ಒಬ್ಬ ಮೇಷ್ಟ್ರಿಗೋ ಮಿಸ್ಸಿಗೋ ಹೇಳು. ಅವರೂ ಕೇಳದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು, ದುಡ್ಡು ಬೀಳುವುದಿಲ್ಲ. ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಅಲ್ಲಿ ಬರೀ ಕಾಂಪೌಂಡು, ಆಟದ ಸಾಮಾನು ಕೇಳಿ ಬರಬೇಡಿ. ನಿಮ್ಮ ಬೀದಿಗೆ ಬಸ್ಸು ಯಾಕೆ ನಿಲ್ಲಿಸುವುದಿಲ್ಲ, ಹೋಟೆಲಿನಲ್ಲಿ ಲೋಟ ಯಾಕೆ ಬೇರೆ ಅಂತಲೂ ಕೇಳಬಹುದು.

ಹಾಗಂತ ಮನೆಯ ಕಟ್ಟಳೆಯನ್ನು ಒಬ್ಬಳೇ ಮುರಿಯಲು ಹೋಗಿ ಪೆಟ್ಟು ತಿನ್ನಬೇಡ. ಮೇಷ್ಟ್ರಿಗೂ ಇದನ್ನೇ ಹೇಳುತ್ತೇನೆ. "ನಿನ್ ಫ್ರೆಂಡನ್ನ ಮನೆಯೊಳಗೆ ಕರ್ಕೊಂಡು ಹೋಗು ನೋಡೋಣ" ಅಂತ ಮಗುವಿಗೆ ಸವಾಲು ಹಾಕುವುದು ಸುಲಭ, ಆ ರಾತ್ರಿ ಅಪ್ಪನ ಮುಂದೆ ನಿಲ್ಲುವುದು ಆ ಮಗುವೇ. ಬಾಗಿಲಲ್ಲೇ ನಿಲ್ಲಿಸಿಕೊಂಡ ಗೆಳೆಯನಿಗೂ ಅದು ನೋವು. ದೊಡ್ಡವರ ಹತ್ತಿರ ದೊಡ್ಡವರು ಮಾತಾಡಬೇಕು. ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎಲ್ಲಾ ಬೀದಿಯವರೂ ಕೂತಿರುವಾಗ, ಊಟದ ಸಾಲು, ಬೆಂಚು, ಪೊರಕೆಯ ಪಟ್ಟಿ ಇವು ಸ್ಕೂಲಿನ ನಿಯಮ ಅಂತ ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದಿಟ್ಟರೆ ಆಮೇಲೆ ಬರುವ ಒತ್ತಡಕ್ಕೆ ತೋರಿಸಲು ಒಂದು ಕಾಗದ ಇರುತ್ತದೆ.

ವಿಷಯ ದೊಡ್ಡದಾದಾಗ

ಹೊಡೆದರೆ, ಜಾತಿ ಹೆಸರು ಹಿಡಿದು ಜನರ ಎದುರು ನಿಂದಿಸಿದರೆ, ಬಟ್ಟೆಗೆ ಕೈ ಹಾಕಿದರೆ, ಮಗು ಸಾಯುವ ಮಾತಾಡಿದರೆ ಅದು ಸ್ಟಾಫ್ ರೂಮಿನಲ್ಲಿ ಮುಗಿಸುವ ವಿಷಯ ಅಲ್ಲ. ಊರಿನ ಹಿರಿಯರು ಬಂದು "ಮಕ್ಕಳ ಜಗಳ, ರಾಜಿ ಮಾಡಿಬಿಡಿ ಮೇಷ್ಟ್ರೇ, ನಾಳೆ ಎಲ್ಲರೂ ಒಂದೇ ಊರಲ್ಲಿ ಇರಬೇಕು" ಅನ್ನುತ್ತಾರೆ. ಅಂಥ ರಾಜಿಯಲ್ಲಿ ಸಾಮಾನ್ಯವಾಗಿ ಒಂದೇ ಕಡೆಯವರು ಸುಮ್ಮನಾಗಬೇಕಾಗುತ್ತದೆ. ಮೊದಲು ಮಗುವನ್ನು ಆಸ್ಪತ್ರೆಗೆ ತೋರಿಸಿ. ದಿನಾಂಕ, ಹೊತ್ತು, ಯಾರಿದ್ದರು, ಅಂದದ್ದು ಏನು ಎಲ್ಲವನ್ನೂ ಅವತ್ತೇ ಬರೆಯಿರಿ. ಮಗುವಿನ ಅಪ್ಪ ಅಮ್ಮನಿಗೆ ಸತ್ಯ ಹೇಳಿ, ದೂರು ಕೊಡುವ ಹಕ್ಕಿದೆ ಅಂತಲೂ ಹೇಳಿ. ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ ಅವರಿಗೆ ಬರಹದಲ್ಲಿ ತಿಳಿಸಿ. ಪರಿಶಿಷ್ಟ ಜಾತಿ, ಪಂಗಡದ ಮಗುವಿನ ಮೇಲೆ ದೌರ್ಜನ್ಯ ಆಗಿ ಕೇಸು ದಾಖಲಾದರೆ 1989ರ ಕಾಯ್ದೆಯ ನಿಯಮಗಳಲ್ಲಿ ಪರಿಹಾರಕ್ಕೂ ದಾರಿ ಇದೆ, ಸಮಾಜ ಕಲ್ಯಾಣ ಇಲಾಖೆಯವರನ್ನು ಕೇಳಬೇಕು. ತಪ್ಪು ಮಾಡಿದವನೂ ಹದಿನೆಂಟರೊಳಗಿನವನಾದರೆ ಅವನ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅವನೂ ನಮ್ಮ ವಿದ್ಯಾರ್ಥಿಯೇ, ಅವನ ಓದು ನಿಲ್ಲದ ಹಾಗೆ ನೋಡುವುದೂ ನಮ್ಮ ಕೆಲಸ.

ಆಮೇಲಿನ ಒಂದು ತಿಂಗಳು ನೊಂದ ಮಗುವಿನ ಹಾಜರಿಯ ಮೇಲೆ ಕಣ್ಣಿಡಿ. ವಾರಕ್ಕೆ ಎರಡು ದಿನ ತಪ್ಪಿದರೂ ಸಂಜೆಯೇ ಮನೆಗೆ ಹೋಗಿ. ಟಿಸಿ ಕೇಳಿಕೊಂಡು ಬಂದರೆ ಸುಮ್ನೆ ಬರೆದುಕೊಡಬೇಡಿ, ಕೂರಿಸಿ ಮಾತಾಡಿ, ಯಾಕೆ ಅಂತ ಕೇಳಿ.

ಕೊನೆಗೆ ಒಂದು ಕೆಲಸ. ಸಣ್ಣ ಸ್ಕೂಲಿನಲ್ಲಿ ಇದೆಲ್ಲ ಒಬ್ಬಿಬ್ಬರು ಮೇಷ್ಟ್ರ ಮೇಲೆ ನಿಂತಿರುತ್ತದೆ. ಅವರಿಗೆ ವರ್ಗಾವಣೆ ಆದ ವರ್ಷವೇ ಬೆಂಚು ಹಳೆಯ ಹಾಗೆ, ಊಟದ ಸಾಲು ಹಳೆಯ ಹಾಗೆ. ಕೌನ್ಸೆಲಿಂಗಿನಲ್ಲಿ ನಿಮ್ಮ ಹೆಸರು ಬಂತು ಅಂದರೆ ಚಾರ್ಜ್ ಕೊಡುವಾಗ ಬೀರುವಿನ ಬೀಗದ ಕೈ, ಲೈಬ್ರರಿ ಪುಸ್ತಕದ ಪಟ್ಟಿಯ ಜೊತೆಗೆ ಬೆಂಚಿನ ಪಟ್ಟಿ, ಪೊರಕೆಯ ಪಟ್ಟಿ, ಎಸ್‌ಡಿಎಂಸಿ ನಡಾವಳಿಯ ಝೆರಾಕ್ಸ್ ಇವನ್ನೂ ಬರುವವರ ಕೈಗೆ ಕೊಡಿ. ಒಂದು ಗಂಟೆ ಕೂತು ಯಾವ ಮಗುವಿನ ಮೇಲೆ ಜಾಸ್ತಿ ಗಮನ ಬೇಕು ಅಂತ ಬಾಯಲ್ಲೇ ಹೇಳಿ, ಬರೆದುಕೊಡಬೇಡಿ. ಹೊಸಬರ ಫೋನ್ ನಂಬರ್ ಇಟ್ಟುಕೊಂಡು ಜುಲೈನಲ್ಲಿ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಒಮ್ಮೆ ಫೋನ್ ಮಾಡಿ ವಿಚಾರಿಸಿ.